ಒಂದು ಕೊಪ್ಪರಿಗೆ ಬೇಯುವ ಹೊತ್ತಿನ ಕಥೆ

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಂಚಿಕೆಗೆ ಕಿರುಚಿತ್ರದ ಪ್ರಾಜೆಕ್ಟಿಗೆ ಸಂಬಂಧಿಸಿದ ಪತ್ರಗಳನ್ನು ಮಾತ್ರ ಆರಿಸಿಕೊಂಡಿದ್ದೇವೆ. ಮೈಸೂರು, ಮಂಡ್ಯ ಸೀಮೆಯ ವಿದ್ಯಾರ್ಥಿಗಳಿಂದ ಇಂಥ ಪತ್ರಗಳು ಈಚೆಗೆ ಒಟ್ಟೊಟ್ಟಿಗೆ ಬರುತ್ತಿವೆ. ಬರೆದವರ ಹೆಸರುಗಳನ್ನು ಬಿಟ್ಟು, ಪತ್ರಗಳನ್ನು ಸ್ವಲ್ಪ ಚಿಕ್ಕದು ಮಾಡಿದ್ದೇವೆ.

ಪ್ರಶ್ನೆ: ನಾನು ಮಾನಸಗಂಗೋತ್ರಿಯಲ್ಲಿ ಸ್ನಾತಕೋತ್ತರ ಪದವಿಯ ಕೊನೆಯ ವರ್ಷದಲ್ಲಿದ್ದೇನೆ. ಐದು ಜನ ಸೇರಿ ಹತ್ತು ನಿಮಿಷದ ಕಥಾಚಿತ್ರ ಮಾಡಬೇಕು, ಕಥೆ ಸ್ವಂತದ್ದಾಗಿರಬೇಕು. ನಮ್ಮೂರು ಪಾಂಡವಪುರದ ಹತ್ತಿರ. ತಾತ ಆಲೆಮನೆ ಕಟ್ಟಿದ್ದು, ಅಪ್ಪ ಸಾಲಕ್ಕೆ ಸಿಕ್ಕಿದ್ದು, ನಾನು ಓದಲು ಮೈಸೂರಿಗೆ ಬಂದದ್ದು, ಕೊನೆಗೆ ಜಮೀನು ಮಾರುವುದು, ಹೀಗೆ ಮೂರು ತಲೆಮಾರಿನ ಕಥೆಯೊಂದನ್ನು ಬರೆದೆ. ‘ಇದು ಹತ್ತು ನಿಮಿಷಕ್ಕೆ ಹಿಡಿಸುವುದಿಲ್ಲ, ಜೊತೆಗೆ ಇಂಥವನ್ನು ಬೇಕಾದಷ್ಟು ನೋಡಿದ್ದೇವೆ’ ಎಂದು ಮೇಷ್ಟ್ರು ಹೇಳಿದರು. ಆಲೆಮನೆಯನ್ನೇ ಬಿಟ್ಟುಬಿಡೋಣ ಎಂದು ಗುಂಪಿನವರು ಹೇಳುತ್ತಿದ್ದಾರೆ. ನಮ್ಮ ತಾತ ಈಗಲೂ ಪಾಕವನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲೇ ಹದ ನೋಡುತ್ತಾರೆ, ಬಣ್ಣಕ್ಕೆ ಪುಡಿ ಹಾಕಿ ಎಂದು ವ್ಯಾಪಾರಿ ಹೇಳಿದಾಗಲೆಲ್ಲ ಸಿಟ್ಟಾಗುತ್ತಾರೆ. ನಾನು ಏನು ಮಾಡಲಿ?

ಉತ್ತರ: ಆಲೆಮನೆಯನ್ನು ಬಿಡಬೇಡಿ, ಮೂರು ತಲೆಮಾರನ್ನು ಬಿಡಿ. ನಿಮ್ಮ ಪತ್ರದ ಮೊದಲ ಭಾಗವನ್ನು ಯಾರು ಬೇಕಾದರೂ ಬರೆಯಬಹುದಾಗಿತ್ತು; ತಾತನ ಬೆರಳಿನ ಮಾತನ್ನು ಮಾತ್ರ ಕೊಪ್ಪರಿಗೆಯ ಪಕ್ಕದಲ್ಲಿ ನಿಂತು ನೋಡಿದವರೇ ಬರೆಯಬೇಕು. ಸ್ವಂತ ಕಥೆ ಎಂದರೆ ಈವರೆಗೆ ಯಾರೂ ಮುಟ್ಟದ ವಸ್ತು ಎಂದು ತಿಳಿದು ವಿದ್ಯಾರ್ಥಿಗಳು ವಾರಗಟ್ಟಲೆ ತಲೆ ಕೆಡಿಸಿಕೊಳ್ಳುವುದನ್ನು ನಾನು ಕಂಡಿದ್ದೇನೆ. ಜಮೀನು ಮಾರಿದವರ ದುಃಖ ಎಲ್ಲರಿಗೂ ಗೊತ್ತಿರುವುದೇ. ಆದರೆ ಕುದಿಯುವ ಪಾಕದ ಒಂದು ತೊಟ್ಟು ತಣ್ಣೀರಿನಲ್ಲಿ ಉಂಡೆ ಕಟ್ಟುತ್ತದೆಯೇ ಎಂದು ಬೆರಳ ನಡುವೆ ಒತ್ತಿ ನೋಡಿ, ಆಮೇಲೆ ಇಳಿಸಲು ಹೇಳುವ ಈ ಮುದುಕರು ನಿಮ್ಮ ತರಗತಿಯಲ್ಲಿ ನಿಮಗೊಬ್ಬರಿಗೇ ಗೊತ್ತು.

ಪುಡಿಯ ಮಾತನ್ನು ನೀವು ಪತ್ರದ ಕೊನೆಗೆ ಸುಮ್ಮನೆ ಸೇರಿಸಿದ್ದೀರಿ, ಆದರೆ ಚಿತ್ರದ ಬೀಜ ಇರುವುದೇ ಅಲ್ಲಿ. ಕಬ್ಬಿನ ಹಾಲು ಕಾಯುವಾಗ ಮೇಲೆ ಬರುವ ಕೊಳೆಯನ್ನು ತೆಗೆಯಲು ಸುಣ್ಣವನ್ನೂ ಬೆಂಡೆ ಗಿಡದ ಲೋಳೆಯನ್ನೂ ಹಾಕುವುದು ಹಿಂದಿನಿಂದ ಬಂದ ಪದ್ಧತಿ. ಬೆಲ್ಲಕ್ಕೆ ಹೊಂಬಣ್ಣ ಬರಿಸಲು ಹಾಕುವ ಹೈಡ್ರೋಸ್, ಅಂದರೆ ಸೋಡಿಯಂ ಹೈಡ್ರೋಸಲ್ಫೈಟ್, ಆಮೇಲೆ ಬಂದದ್ದು. ಅದನ್ನು ಹಾಕದ ಬೆಲ್ಲ ಕಂದಾಗಿ ಕಾಣುತ್ತದೆ. ಬಣ್ಣ ನೋಡಿ ಬೆಲೆ ಕಟ್ಟುವ ವ್ಯಾಪಾರಿಗೆ ಅದು ಹಿಡಿಸುವುದಿಲ್ಲ. ಒಬ್ಬ ಮನುಷ್ಯನ ಹಟವೂ ಅದಕ್ಕೆ ಅವನು ತೆರುವ ಬೆಲೆಯೂ ಎರಡು ಅಚ್ಚು ಬೆಲ್ಲವನ್ನು ಪಕ್ಕಪಕ್ಕ ಇಟ್ಟರೆ ಕಣ್ಣಿಗೇ ಕಾಣುತ್ತವೆ. ಮಾತಿಲ್ಲದೆ ತೋರಿಸಬಹುದಾದ ಇಂಥ ಜಗಳ ಕ್ಯಾಮೆರಾಕ್ಕೆ ಸುಲಭವಾಗಿ ಸಿಗುವುದಿಲ್ಲ.

ಈಗ ಕಾಲವನ್ನು ಕಿರಿದು ಮಾಡಿ. ನಲವತ್ತು ವರ್ಷದ ಬದಲು ಒಂದು ಕೊಪ್ಪರಿಗೆ ಹಾಲು ಒಲೆಯ ಮೇಲೇರಿ ಬೆಲ್ಲವಾಗಿ ಇಳಿಯುವಷ್ಟು ಹೊತ್ತು ಸಾಕು. ಬೆಳಿಗ್ಗೆ ವ್ಯಾಪಾರಿ ಬರುತ್ತಾನೆ. ಮೈಸೂರಿನಿಂದ ಬಂದಿರುವ ಮೊಮ್ಮಗಳ ಕೈಯಲ್ಲಿ, ತಾತನಿಗೆ ತಿಳಿಯದಂತೆ, ಪುಡಿಯ ಪೊಟ್ಟಣವಿದೆ. ಅವಳ ಫೀಸಿಗೂ ಆ ಬೆಲ್ಲದ ಬೆಲೆಗೂ ಸಂಬಂಧವಿದೆ. ಅವಳು ಹಾಕುತ್ತಾಳೆಯೇ? ಇದನ್ನು ಹೀಗೆಯೇ ಎತ್ತಿಕೊಳ್ಳಬೇಡಿ, ಏಕೆಂದರೆ ಆಗ ಕಥೆ ನನ್ನದಾಗುತ್ತದೆ, ನಿಮ್ಮ ಮೇಷ್ಟ್ರು ಅದನ್ನೂ ಪತ್ತೆ ಹಚ್ಚುತ್ತಾರೆ. ಒಂದು ಕಾಲಮಿತಿ, ಒಂದು ಜಾಗ, ಒಂದು ತೀರ್ಮಾನ ಇದ್ದರೆ ಹತ್ತು ನಿಮಿಷಕ್ಕೆ ಕಥೆ ಹಿಡಿಸುತ್ತದೆ ಎಂಬುದನ್ನು ತೋರಿಸಲು ಹೇಳಿದೆನಷ್ಟೆ. ಸಾಲ, ಜಮೀನು, ಓದು ಎಲ್ಲವೂ ಆ ತೀರ್ಮಾನದ ಹಿಂದೆ ನಿಂತಿರಲಿ, ತೆರೆಯ ಮೇಲೆ ಬಂದು ವಿವರಣೆ ಕೊಡುವುದು ಬೇಡ.

ಬರವಣಿಗೆಗೆ ಕೂರುವ ಮುನ್ನ ಒಂದು ಇಡೀ ದಿನ ಗಡಿಯಾರ ಮತ್ತು ನೋಟ್ ಪುಸ್ತಕ ಹಿಡಿದು ಆಲೆಮನೆಯಲ್ಲಿ ಕೂತುಕೊಳ್ಳಿ. ನೀವು ಅಲ್ಲೇ ಬೆಳೆದವರಾದುದರಿಂದ ‘ನನಗೆ ಗೊತ್ತಿದೆ’ ಎಂಬ ಭಾವನೆ ಇರುತ್ತದೆ. ಆದರೆ ಗಾಣ ಎಷ್ಟು ಹೊತ್ತು ಓಡುತ್ತದೆ, ನೊರೆ ಎಷ್ಟು ನಿಮಿಷಕ್ಕೆ ಏರುತ್ತದೆ, ಅದರ ಬಣ್ಣ ಯಾವಾಗ ತಿರುಗುತ್ತದೆ, ಆವಿ ಯಾವ ಮೂಲೆಯಲ್ಲಿ ದಟ್ಟವಾಗುತ್ತದೆ, ತಾತ ಎಷ್ಟು ಸಲ ಎದ್ದು ಕೂರುತ್ತಾರೆ ಎಂಬುದನ್ನು ನೀವು ಬರೆದಿಟ್ಟಿರುವುದಿಲ್ಲ. ಈ ಟಿಪ್ಪಣಿಯೇ ನಿಮ್ಮ ಕಥೆಯ ಬೆನ್ನೆಲುಬೂ ಹೌದು, ಚಿತ್ರೀಕರಣದ ವೇಳಾಪಟ್ಟಿಯೂ ಹೌದು. ಕಥೆ ಮುಗಿದ ಮೇಲೆ ಯೋಜನೆ ಎಂದು ಇವೆರಡನ್ನೂ ಬೇರೆಬೇರೆ ಮಾಡಿಕೊಂಡ ಗುಂಪುಗಳು ಕೊನೆಯ ವಾರದಲ್ಲಿ ಕಥೆಯನ್ನು ಕತ್ತರಿಸುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಅದಾದ ಮೇಲೆ ಸಂಭಾಷಣೆಯಿಲ್ಲದೆ ಎರಡು ಪುಟದಲ್ಲಿ ಕಥೆ ಬರೆಯಿರಿ, ದೃಶ್ಯಗಳನ್ನು ಒಂದೊಂದು ಚೀಟಿಯ ಮೇಲೆ ಬರೆದು ನೆಲದ ಮೇಲೆ ಹರಡಿ, ಯಾವ ಚೀಟಿಯನ್ನು ತೆಗೆದರೂ ಕಥೆ ಕೆಡದೆ ಉಳಿಯುತ್ತದೆಯೋ ಅದನ್ನು ತೆಗೆದುಬಿಡಿ. ಸಂಭಾಷಣೆ ಕೊನೆಗೆ ಬರಲಿ, ಅದೂ ನಿಮ್ಮ ಮನೆಯ ಮಾತಿನಲ್ಲಿ ಬರಲಿ. ಟಿ.ವಿ. ಧಾರಾವಾಹಿಯ ‘ಹಳ್ಳಿ ಭಾಷೆ’ ಪಾಂಡವಪುರದ್ದಲ್ಲ.

ಆಲೆಮನೆಯಲ್ಲಿ ಚಿತ್ರೀಕರಿಸುವವರು ತಿಳಿದಿರಬೇಕಾದ ಒಂದು ಸಂಗತಿಯೆಂದರೆ ಕೊಪ್ಪರಿಗೆ ನಿಮಗಾಗಿ ಕಾಯುವುದಿಲ್ಲ. ಹಿಂಡಿದ ಹಾಲನ್ನು ಇಟ್ಟರೆ ಹುಳಿಯುತ್ತದೆ, ಹದ ಮೀರಿದ ಪಾಕವನ್ನು ಹಿಂದಕ್ಕೆ ತರಲಾಗುವುದಿಲ್ಲ, ಕೂಲಿಯವರ ಹೊತ್ತು ಅವರ ಸಂಬಳ. ಆದ್ದರಿಂದ ‘ಇನ್ನೊಮ್ಮೆ’ ಎಂದು ಅಲ್ಲಿ ಕೇಳಬೇಡಿ. ದಿನಕ್ಕೆ ಹಲವು ಕೊಪ್ಪರಿಗೆ ಇಳಿಯುವುದರಿಂದ ಅದೇ ಕೆಲಸ ಮತ್ತೆ ಬರುತ್ತದೆ: ಮೊದಲ ಕೊಪ್ಪರಿಗೆಯಲ್ಲಿ ದೂರದ ಶಾಟ್‌ಗಳು, ಎರಡನೆಯದರಲ್ಲಿ ಕೈ ಮತ್ತು ಮುಖ, ಮೂರನೆಯದರಲ್ಲಿ ತಪ್ಪಿಹೋದವು. ತಾತನಿಗೆ ಅಭಿನಯಿಸಲು ಹೇಳಬೇಡಿ, ಕೆಲಸ ಮಾಡಲು ಬಿಡಿ. ಮೊಮ್ಮಗಳ ಪಾತ್ರಕ್ಕೆ ರಂಗಾಸಕ್ತರು ಸಿಗುವುದು ಮೈಸೂರಿನಲ್ಲಿ ಕಷ್ಟವಲ್ಲ, ಬಿ.ವಿ. ಕಾರಂತರು 1989ರಲ್ಲಿ ಕಟ್ಟಿದ ರಂಗಾಯಣದ ಸುತ್ತ ಹವ್ಯಾಸಿ ನಟನಟಿಯರ ದೊಡ್ಡ ಬಳಗವೇ ಇದೆ. ಆದರೆ ರಂಗದ ಮೇಲಿನ ಧ್ವನಿಯನ್ನು ತಾತನ ಮಾತಿನ ಮಟ್ಟಕ್ಕೆ ತಗ್ಗಿಸಲು ನಾಲ್ಕು ದಿನದ ತಾಲೀಮು ಬೇಕಾಗುತ್ತದೆ.

ಒಣಗಿದ ಕಬ್ಬಿನ ಸಿಪ್ಪೆಯ ರಾಶಿಯ ಪಕ್ಕದಲ್ಲಿ ಬಿಸಿಯೇರುವ ಹ್ಯಾಲೊಜೆನ್ ದೀಪಗಳನ್ನೂ ತೇಪೆ ಹಾಕಿದ ವೈರುಗಳನ್ನೂ ಇಡಬೇಡಿ. ಎಲ್‌ಇಡಿ ದೀಪ ಒಂದೆರಡಿದ್ದರೆ ಸಾಕು, ಉಳಿದ ಬೆಳಕನ್ನು ಒಲೆಯೇ ಕೊಡುತ್ತದೆ. ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ 1989ರ ಫೆಬ್ರವರಿ 8ರಂದು ದೂರದರ್ಶನ ಧಾರಾವಾಹಿಯೊಂದರ ಚಿತ್ರೀಕರಣದ ನಡುವೆ ಬೆಂಕಿ ಬಿದ್ದು 60ಕ್ಕೂ ಹೆಚ್ಚು ಜನ ಸತ್ತದ್ದು ನಿಮ್ಮ ಮನೆಯ ಹಿರಿಯರಿಗೆ ನೆನಪಿರಬಹುದು. ಕುದಿಯುವ ಪಾಕದ ಬಳಿ ಕ್ಯಾಮೆರಾ ಹಿಡಿದವರು ಹಿಂದಕ್ಕೆ ಹೆಜ್ಜೆ ಇಡುವ ಶಾಟ್ ಒಂದೂ ಇರಕೂಡದು.

ಹತ್ತು ನಿಮಿಷ ಕಡಿಮೆಯಾಯಿತೆಂಬ ಕೊರಗು ಇದ್ದರೆ ಒಂದು ಮಾತು. 2024ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ವಿದ್ಯಾರ್ಥಿ ಚಿತ್ರಗಳಿಗೆ ಮೀಸಲಾದ ಲಾ ಸಿನೆಫ್ ವಿಭಾಗದ ಮೊದಲ ಬಹುಮಾನ ಪಡೆದ ಚಿದಾನಂದ ಎಸ್. ನಾಯ್ಕ್ ಅವರ ಕನ್ನಡ ಕಿರುಚಿತ್ರ ಪುಣೆಯ ಚಲನಚಿತ್ರ ಸಂಸ್ಥೆಯಲ್ಲಿ ಒಂದು ವರ್ಷದ ಕೋರ್ಸಿನ ಕೊನೆಗೆ ಮಾಡಿದ್ದು. ಅಜ್ಜಿಯೊಬ್ಬಳು ಹುಂಜವನ್ನು ಕದ್ದೊಯ್ದ ಜನಪದ ಕಥೆಯನ್ನು ಹಿಡಿದು ಬೆಳೆಸಿದ ಚಿತ್ರ ಅದು. ಅವಧಿ 16 ನಿಮಿಷ, ಚಿತ್ರೀಕರಣ ನಾಲ್ಕು ದಿನ.

ಪ್ರಶ್ನೆ: ಮಂಡ್ಯದ ಕಾಲೇಜೊಂದರಲ್ಲಿ ಓದುತ್ತಿದ್ದೇವೆ. ನಮ್ಮ ಚಿತ್ರಕಥೆ 20 ಪುಟವಾಗಿದೆ. ಒಂದು ಪುಟಕ್ಕೆ ಒಂದು ನಿಮಿಷ ಎಂದು ಓದಿದ್ದೆವು, ನಮಗಿರುವ ಮಿತಿ 12 ನಿಮಿಷ. ಕಾಲೇಜಿನ ಕ್ಯಾಮೆರಾ ಮೇ ತಿಂಗಳಲ್ಲಿ ಮೂರು ದಿನ ಮಾತ್ರ ಸಿಗುತ್ತದೆ. ಕಥೆ ಹೆಚ್ಚಾಗಿ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಏರಿಯ ಮೇಲೆ ನಡೆಯುತ್ತದೆ. ಯೋಜನೆ ಹೇಗೆ ಮಾಡುವುದು?

ಉತ್ತರ: ಪುಟಕ್ಕೊಂದು ನಿಮಿಷ ಎಂಬುದು ಇಂಗ್ಲಿಷ್ ಚಿತ್ರಕಥೆಯ ಲೆಕ್ಕ, ಕೊರಿಯರ್ ಎಂಬ ಅಕ್ಷರದಲ್ಲಿ, 12 ಪಾಯಿಂಟ್ ಗಾತ್ರದಲ್ಲಿ, ಗೊತ್ತಾದ ಅಂಚು ಬಿಟ್ಟು ಟೈಪ್ ಮಾಡಿದಾಗ ಹೆಚ್ಚುಕಡಿಮೆ ಸರಿಹೊಂದುತ್ತದೆ. ಒತ್ತಕ್ಷರಗಳಿಂದಾಗಿ ಸಾಲುಗಳ ನಡುವೆ ಹೆಚ್ಚು ಜಾಗ ಬೇಡುವ ಕನ್ನಡಕ್ಕೆ ಅದನ್ನು ಹಾಗೇ ತಂದರೆ ಸುಳ್ಳಾಗುತ್ತದೆ. ಪುಟ ಎಣಿಸುವುದನ್ನು ಬಿಟ್ಟು, ಒಬ್ಬರು ಗಡಿಯಾರ ಹಿಡಿದು ಕೂತು, ಉಳಿದವರು ಸಂಭಾಷಣೆಯನ್ನು ಗಟ್ಟಿಯಾಗಿ ಓದುತ್ತ, ನಡೆಯುವ ಕಡೆ ನಿಜವಾಗಿ ನಡೆಯುತ್ತ, ಸುಮ್ಮನಿರುವ ಕಡೆ ಸುಮ್ಮನಿದ್ದು, ದೃಶ್ಯದಿಂದ ದೃಶ್ಯಕ್ಕೆ ಸೆಕೆಂಡುಗಳನ್ನು ಬರೆದುಕೊಳ್ಳಿ. ನಿಮ್ಮ 20 ಪುಟ 13 ನಿಮಿಷವಾಗಿದ್ದರೂ ಆಶ್ಚರ್ಯವಿಲ್ಲ.

ನನಗೆ ಹೆಚ್ಚು ಚಿಂತೆಯಾದದ್ದು ನಾಲೆಯದು. ಮಂಡ್ಯದವರಿಗೆ ಇದನ್ನು ಹೊರಗಿನವರು ಹೇಳಬೇಕಾಗಿಲ್ಲ: ಬೇಸಿಗೆಯಲ್ಲಿ ನಾಲೆಗೆ ನೀರು ಬರುವುದು ಕನ್ನಂಬಾಡಿ ಅಣೆಕಟ್ಟೆಯ ಮಟ್ಟವನ್ನು ಅವಲಂಬಿಸಿರುತ್ತದೆ, ಬಿಟ್ಟರೂ ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಹರಿಸಿ ಕೆಲವು ದಿನ ನಿಲ್ಲಿಸಿ, ಬಿಡುತ್ತಾರೆ. ಪತ್ರಿಕೆಯಲ್ಲಿ ದಿನವೂ ಅಣೆಕಟ್ಟೆಯ ಮಟ್ಟವನ್ನು ಪೂರ್ಣ ಮಟ್ಟವಾದ 124.80 ಅಡಿಯ ಪಕ್ಕದಲ್ಲಿ ಅಚ್ಚು ಹಾಕುತ್ತಾರೆ. ಅದನ್ನು ಈಗಿನಿಂದಲೇ ನೋಡುತ್ತಿರಿ, ನೀರಾವರಿ ನಿಗಮದ ಕಚೇರಿಯಲ್ಲಿ ಕಟ್ಟಿನ ದಿನಗಳನ್ನು ಕೇಳಿಕೊಳ್ಳಿ. ಮೊದಲ ದಿನ ತುಂಬಿ ಹರಿದ ನಾಲೆ ಮೂರನೆಯ ದಿನ ಕೆಸರಾಗಿದ್ದರೆ, ಒಂದೇ ಸಂಜೆಯಲ್ಲಿ ನಡೆಯುವ ಕಥೆಯನ್ನು ಯಾವ ಸಂಕಲನಕಾರರೂ ಉಳಿಸಲಾರರು. ಇದಕ್ಕಿಂತ ಒಳ್ಳೆಯ ದಾರಿಯೆಂದರೆ ಒಣಗಿದ ನಾಲೆಯನ್ನೇ ಕಥೆಯೊಳಗೆ ತಂದುಕೊಳ್ಳುವುದು, ಏಕೆಂದರೆ ನೀರಿಲ್ಲದ ನಾಲೆಯ ಏರಿಯ ಮೇಲೆ ಕೂತು ಮಾತಾಡುವ ಇಬ್ಬರನ್ನು ಕಂಡರೆ ಮಂಡ್ಯದ ಪ್ರೇಕ್ಷಕರಿಗೆ ಮತ್ತೇನನ್ನೂ ವಿವರಿಸಬೇಕಾಗಿಲ್ಲ. ನೀರಿದ್ದರೆ ಯಾರನ್ನೂ ಅದಕ್ಕೆ ಇಳಿಸಬೇಡಿ. ಮೇಲೆ ಶಾಂತವಾಗಿ ಕಾಣುವ ಆ ನಾಲೆಯ ಸೆಳವು ಈಜು ಬಲ್ಲವರನ್ನೂ ಬಿಟ್ಟಿಲ್ಲ.

ಮೇ ತಿಂಗಳಲ್ಲಿ ನಡುಹಗಲಿನ ಸೂರ್ಯ ಹೆಚ್ಚುಕಡಿಮೆ ನೆತ್ತಿಯ ಮೇಲೇ ಇರುವುದರಿಂದ ಮುಖದ ಮೇಲೆ ಕಣ್ಣಿನ ಗುಳಿಗಳು ಕಪ್ಪಾಗುತ್ತವೆ. ಬೆಳಿಗ್ಗೆ ಆರರಿಂದ ಒಂಬತ್ತೂವರೆ, ಸಂಜೆ ನಾಲ್ಕರ ನಂತರ ಏರಿಯ ಮೇಲಿನ ದೃಶ್ಯಗಳು, ನಡುವೆ ಮನೆಯೊಳಗಿನವು. ಆ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರುವುದು ಸಾಮಾನ್ಯವಾದುದರಿಂದ ಅತಿ ಮುಖ್ಯವಾದ ದೃಶ್ಯವನ್ನು ಮೂರನೆಯ ದಿನದ ಸಂಜೆಗೆ ಇಡಬೇಡಿ, ಮೊದಲ ದಿನದ ಬೆಳಿಗ್ಗೆಗೂ ಇಡಬೇಡಿ; ಮೊದಲ ಬೆಳಿಗ್ಗೆ ಎಲ್ಲರೂ ಬಿಗಿಯಾಗಿರುತ್ತಾರೆ, ಒಂದಲ್ಲ ಒಂದು ಕೇಬಲ್ ಹಾಸ್ಟೆಲಿನಲ್ಲೇ ಉಳಿದಿರುತ್ತದೆ.

ಕ್ಯಾಮೆರಾದ ವಿಷಯದಲ್ಲಿ ಎರಡೇ ಮಾತು. ನಮ್ಮ ವಿದ್ಯುತ್ 50 ಹರ್ಟ್ಸ್‌ನದಾದುದರಿಂದ ಸೆಕೆಂಡಿಗೆ 25 ಫ್ರೇಮ್, ಶಟರ್ ಸೆಕೆಂಡಿನ 50ನೆಯ ಒಂದು ಭಾಗ ಎಂದು ಇಟ್ಟುಕೊಂಡರೆ ಟ್ಯೂಬ್‌ಲೈಟಿನ ಕೆಳಗೆ ಚಿತ್ರ ಮಿಣುಕುವ ಕಾಟ ತಪ್ಪುತ್ತದೆ. 12 ನಿಮಿಷದ ಚಿತ್ರಕ್ಕೆ ಎಂಟು ಪಟ್ಟು ತೆಗೆದರೂ 96 ನಿಮಿಷ. ಸೆಕೆಂಡಿಗೆ 100 ಮೆಗಾಬಿಟ್ ಲೆಕ್ಕದಲ್ಲಿ ಗಂಟೆಗೆ 45 ಜಿಬಿ, ಒಟ್ಟು 72 ಜಿಬಿ ಆಗುತ್ತದೆ. ಆಯಾ ದಿನ ತೆಗೆದದ್ದನ್ನು ಪ್ರತಿ ರಾತ್ರಿ ಎರಡು ಬೇರೆ ಹಾರ್ಡ್ ಡಿಸ್ಕ್‌ಗಳಿಗೆ ಇಳಿಸಿ, ಎರಡನ್ನೂ ಬೇರೆ ಬೇರೆ ಮನೆಯಲ್ಲಿಡಿ. ಇಳಿಸಿದ್ದನ್ನು ತೆರೆದು ನೋಡುವವರೆಗೆ ಕಾರ್ಡನ್ನು ಅಳಿಸುವ ಅಧಿಕಾರ ಯಾರಿಗೂ ಇರಬಾರದು.

ಪ್ರಶ್ನೆ: ನಾನು ಮೈಸೂರಿನ ಕುವೆಂಪುನಗರದ ಗೃಹಿಣಿ. ಮಗನ ಪ್ರಾಜೆಕ್ಟಿಗೆ ಐವರೂ ತಲಾ 15 ಸಾವಿರ ರೂಪಾಯಿ ಹಾಕಿ ಬೆಂಗಳೂರಿನಿಂದ ದೊಡ್ಡ ಕ್ಯಾಮೆರಾ ಬಾಡಿಗೆಗೆ ತರುತ್ತಾರಂತೆ. ಅಷ್ಟು ಬೇಕೇ? ಬೇಡವೆಂದರೆ ಅಂಕ ಕಡಿಮೆಯಾಗುತ್ತದೆ ಎನ್ನುತ್ತಾನೆ.

ಉತ್ತರ: ಬೇಕಿಲ್ಲ, ತಾಯಿ. ಅಂಕ ಕೊಡುವವರು ನೋಡುವುದು ಕಥೆಯ ನಿರ್ವಹಣೆಯನ್ನು. ಕ್ಯಾಮೆರಾದ ಬೆಲೆಯನ್ನು ನೋಡಿ ಅಂಕ ಹಾಕುವ ವಿಭಾಗವನ್ನು ನಾನು ಕಂಡಿಲ್ಲ. ಕಾಲೇಜಿನ ಕ್ಯಾಮೆರಾ, ಅದೂ ಸಿಗದಿದ್ದರೆ ಒಳ್ಳೆಯ ಮೊಬೈಲ್, ಒಂದು ಗಟ್ಟಿ ಸ್ಟ್ಯಾಂಡ್ ಇದ್ದರೆ ಚಿತ್ರ ಕೈಕೊಡುವುದಿಲ್ಲ. ವಿದ್ಯಾರ್ಥಿ ಚಿತ್ರಗಳು ಸೋಲುವುದು ಧ್ವನಿಯಲ್ಲಿ. ಮಂಕಾದ ದೃಶ್ಯವನ್ನು ಪ್ರೇಕ್ಷಕರು ಸಹಿಸಿಕೊಳ್ಳುತ್ತಾರೆ, ಕೇಳದ ಮಾತನ್ನು ಸಹಿಸುವುದಿಲ್ಲ. ತಲಾ 3 ಸಾವಿರದಂತೆ 15 ಸಾವಿರ ಸೇರಿಸಿದರೆ ನಾನು ಹೀಗೆ ಹಂಚುತ್ತಿದ್ದೆ: ಊಟ, ತಿಂಡಿ, ಕಾಫಿಗೆ 5 ಸಾವಿರ, ಮೈಕು ಮತ್ತು ರೆಕಾರ್ಡರ್ ಬಾಡಿಗೆಗೆ 3 ಸಾವಿರ, ಓಡಾಟಕ್ಕೆ 3 ಸಾವಿರ, ಉಡುಪು, ಸಾಮಾನಿಗೆ 1,500, ಉಳಿದ 2,500 ಯಾರೂ ಮುಟ್ಟದ ಹಣ, ಮಳೆ ಬಂದು ಒಂದು ದಿನ ಹೆಚ್ಚಾದರೆ ಬೇಕಾಗುತ್ತದೆ. ಊಟಕ್ಕೆ ಇಷ್ಟೇಕೆ ಎಂದು ಹುಡುಗರು ಕೇಳುತ್ತಾರೆ. ಸಂಬಳವಿಲ್ಲದೆ ಬಂದ ಹತ್ತು ಜನ ಮಧ್ಯಾಹ್ನ ಮೂರಕ್ಕೂ ಹಸಿದಿದ್ದರೆ ಮರುದಿನ ಆರು ಜನ ಬರುತ್ತಾರೆ. ಪ್ರತಿ ಜಾಗದಲ್ಲೂ ಎಲ್ಲರೂ ಸುಮ್ಮನಿದ್ದು ಒಂದು ನಿಮಿಷ ಆ ಜಾಗದ ಸದ್ದನ್ನೇ ರೆಕಾರ್ಡ್ ಮಾಡಿಕೊಳ್ಳುವಂತೆ ಮಗನಿಗೆ ಹೇಳಿ. ಅದಕ್ಕೆ ಖರ್ಚೇ ಇಲ್ಲ, ಸಂಕಲನದಲ್ಲಿ ಮಾತುಗಳ ನಡುವಿನ ತೇಪೆ ಕಾಣದಂತೆ ಮುಚ್ಚುವುದು ಅದೇ.

ಪ್ರಶ್ನೆ: ಮಾಸ್ತಿಯವರ ಒಂದು ಸಣ್ಣಕಥೆಯನ್ನು ಚಿತ್ರ ಮಾಡುವ ಆಸೆ. ಶ್ರೀರಂಗಪಟ್ಟಣದ ಹಳೆಯ ಕಟ್ಟಡಗಳಲ್ಲಿ, ಎತ್ತಿನ ಗಾಡಿ ಇಟ್ಟು, ಡ್ರೋನ್ ಬಳಸಿ ತೆಗೆಯಬೇಕೆಂದಿದ್ದೇವೆ. ವಿದ್ಯಾರ್ಥಿಗಳಾದ್ದರಿಂದ ಅನುಮತಿ ಬೇಡ ಅಲ್ಲವೇ?

ಉತ್ತರ: ನಾಲ್ಕಕ್ಕೂ ಬೇಕು. ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಅವರ ಕೃತಿಗಳಿಗೆ ಹಕ್ಕುಸ್ವಾಮ್ಯವಿರುತ್ತದೆ. ಮಾಸ್ತಿಯವರು 1986ರಲ್ಲಿ ತೀರಿಕೊಂಡದ್ದರಿಂದ 2046ರ ಕೊನೆಯವರೆಗೆ ಹಕ್ಕುದಾರರ ಒಪ್ಪಿಗೆ ಪಡೆಯಬೇಕು. 1937ರಲ್ಲಿ ತೀರಿಕೊಂಡ ಪಂಜೆ ಮಂಗೇಶರಾಯರ ಕಥೆಗಳಿಗೆ ಈ ತೊಡಕಿಲ್ಲ. ತರಗತಿಯೊಳಗಿನ ಅಭ್ಯಾಸಕ್ಕೆ ಕಾನೂನಿನಲ್ಲಿ ಕೆಲವು ರಿಯಾಯಿತಿಗಳಿದ್ದರೂ, ಚಿತ್ರವನ್ನು ಉತ್ಸವಕ್ಕೆ ಕಳಿಸುವಾಗ ಅಥವಾ ಯೂಟ್ಯೂಬಿಗೆ ಹಾಕುವಾಗ ಅವು ನಿಮ್ಮನ್ನು ಕಾಯುವುದಿಲ್ಲ. ಹಿನ್ನೆಲೆಗೆಂದು ಎತ್ತಿಕೊಳ್ಳುವ ಚಿತ್ರಗೀತೆಗೂ ಇದೇ ಮಾತು ಸಲ್ಲುತ್ತದೆ. ಜನಪದ ಹಾಡಿಗೆ ಒಡೆಯರಿಲ್ಲದಿರಬಹುದು, ಅದರ ರೆಕಾರ್ಡಿಂಗಿಗೆ ಇರುತ್ತಾರೆ. ದರಿಯಾ ದೌಲತ್‌ನಂಥ ಸಂರಕ್ಷಿತ ಸ್ಮಾರಕಗಳಲ್ಲಿ ಚಿತ್ರೀಕರಿಸಲು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಪರವಾನಗಿ ಬೇಕು. ಎತ್ತುಗಳನ್ನು ಚಿತ್ರದಲ್ಲಿ ಬಳಸಲು 2001ರ ನಿಯಮಗಳ ಪ್ರಕಾರ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಪಡೆಯಬೇಕು. ಅನೇಕರು ಇದನ್ನು ಕೇಳಿಯೇ ಇರುವುದಿಲ್ಲ. ಡ್ರೋನಿಗೆ 2021ರ ನಿಯಮಗಳಿವೆ: ಹಾರಿಸುವ ಮೊದಲು ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಆ ಜಾಗ ಹಸಿರೋ ಹಳದಿಯೋ ಕೆಂಪೋ ನೋಡಬೇಕು, ಕೆಂಪಿನಲ್ಲಿ ಕೇಂದ್ರ ಸರ್ಕಾರದ ಅನುಮತಿಯಿಲ್ಲದೆ ಹಾರಿಸುವಂತಿಲ್ಲ. ಇಷ್ಟೆಲ್ಲಕ್ಕೂ ನಿಮ್ಮ ಸೆಮಿಸ್ಟರ್ ಸಾಲುವುದಿಲ್ಲ. ಗಾಡಿಯ ಬದಲು ಸೈಕಲ್, ಸ್ಮಾರಕದ ಬದಲು ಗುರುತಿನವರ ಹೆಂಚಿನ ಮನೆ, ಡ್ರೋನಿನ ಬದಲು ಮಹಡಿಯ ಮೆಟ್ಟಿಲು ಎಂದು ಬರೆದು ನೋಡಿ. ಕಥೆ ಇವುಗಳಿಂದ ಕೆಡುವುದಾದರೆ ಅದು ಈ ವರ್ಷದ ಕಥೆಯಲ್ಲ, ಎತ್ತಿಟ್ಟುಕೊಳ್ಳಿ.

ಪ್ರಶ್ನೆ: ಕಥೆ ನನ್ನದು, ಆದರೆ ಗೆಳೆಯನೊಬ್ಬ ತಾನೇ ನಿರ್ದೇಶಕ ಎನ್ನುತ್ತಿದ್ದಾನೆ. ನಾಳೆ ಚಿತ್ರ ಯಾರದಾಗುತ್ತದೆ?

ಉತ್ತರ: 1957ರ ಹಕ್ಕುಸ್ವಾಮ್ಯ ಕಾಯಿದೆಯ ಕಣ್ಣಿನಲ್ಲಿ ಚಲನಚಿತ್ರದ ಕರ್ತೃ ನಿರ್ಮಾಪಕರು, ನೀವಿಬ್ಬರೂ ಅಲ್ಲ ಎಂದು ಕೇಳಿ ಬೇಸರವಾಗಬಹುದು. ಬರೆದ ಚಿತ್ರಕಥೆಯ ಮೇಲಿನ ಹಕ್ಕು ಬೇರೆ, ಅದು ಬರೆದವರದು. ವಿದ್ಯಾರ್ಥಿ ಚಿತ್ರದಲ್ಲಿ ನಿರ್ಮಾಪಕರು ಯಾರು ಎಂಬುದೇ ಮಸುಕಾಗಿರುವುದರಿಂದ, ಪ್ರಾಜೆಕ್ಟಿನ ಮೇಲೆ ವಿಶ್ವವಿದ್ಯಾಲಯಕ್ಕೆ ಹಕ್ಕಿದೆಯೇ ಎಂದು ಮೊದಲು ವಿಭಾಗದಲ್ಲಿ ಕೇಳಿ ತಿಳಿದುಕೊಳ್ಳಿ. ಆಮೇಲೆ ಒಂದೇ ಹಾಳೆಯಲ್ಲಿ ಕಥೆ, ನಿರ್ದೇಶನ, ಛಾಯಾಗ್ರಹಣ, ಧ್ವನಿ, ಸಂಕಲನ ಯಾರದು, ಶೀರ್ಷಿಕೆಯಲ್ಲಿ ಹೆಸರುಗಳು ಯಾವ ಕ್ರಮದಲ್ಲಿ ಬರುತ್ತವೆ, ಉತ್ಸವಕ್ಕೆ ಕಳಿಸುವ ತೀರ್ಮಾನ ಯಾರದು, ಬಹುಮಾನದ ಹಣ ಬಂದರೆ ಹೇಗೆ ಹಂಚಿಕೆ ಎಂದು ಬರೆಯಿರಿ. ನಿರ್ದೇಶನ ಗೆಳೆಯನಿಗೆ ಹೋದರೆ ಸೆಟ್ಟಿನಲ್ಲಿ ಅವನ ಮಾತೇ ಕೊನೆಯದು. ಕಥೆಗಾರ ಕ್ಯಾಮೆರಾದ ಹಿಂದೆ ನಿಂತು ನಟರಿಗೆ ಸನ್ನೆ ಮಾಡಕೂಡದು ಎಂಬುದನ್ನೂ ಸೇರಿಸಿ, ಇದು ನಿಮಗೇ ಹೇಳುತ್ತಿರುವುದು. ಐವರೂ ಸಹಿ ಹಾಕಿ, ಒಂದು ಪ್ರತಿಯನ್ನು ಚಿತ್ರೀಕರಣ ಆರಂಭವಾಗುವ ಮೊದಲೇ ವಿಭಾಗಕ್ಕೆ ಕೊಟ್ಟಿರಿ. ಮೊದಲ ಜಗಳವಾದ ಮೇಲೆ ಆ ಹಾಳೆಗೆ ಯಾರೂ ಸಹಿ ಹಾಕುವುದಿಲ್ಲ.